ಮಕ್ಕಳಿಗೆ ಟಚ್ ಟೈಪಿಂಗ್: ಯಾವ ದಾರಿ ಯಾರಿಗೆ ಸರಿ?

ನನ್ನ ಮಗಳಿಗೆ ಆಗ ಹನ್ನೊಂದು ವರ್ಷ. ಒಂದು ದಿನ ಕಥೆ ಬರೆಯುತ್ತೇನೆ ಅಂತ ಕಂಪ್ಯೂಟರ್ ಮುಂದೆ ಕೂತಳು. ಬಾಯಲ್ಲಿ ಕಥೆ ಪಟಪಟ ಅಂತ ಬರುತ್ತಿತ್ತು. ಬೆರಳು ಮಾತ್ರ ಒಂದೊಂದೇ ಅಕ್ಷರಕ್ಕಾಗಿ ಕೀಬೋರ್ಡ್ ಮೇಲೆಲ್ಲ ಅಲೆಯುತ್ತಿತ್ತು. ನಾಲ್ಕು ಸಾಲು ಮುಗಿಯುವಷ್ಟರಲ್ಲಿ ಮುಂದೆ ಏನಾಗಬೇಕಿತ್ತು ಅನ್ನೋದೇ ಅವಳಿಗೆ ಮರೆತುಹೋಯಿತು. "ಸಾಕು ಬಿಡಮ್ಮ" ಅಂತ ಎದ್ದುಬಿಟ್ಟಳು. ಟೈಪಿಂಗ್ ಕಲಿಸಬೇಕು ಅಂತ ನಾನು ಗಟ್ಟಿಯಾಗಿ ತೀರ್ಮಾನ ಮಾಡಿದ್ದು ಆವತ್ತೇ.

ಕಲಿಸಬೇಕು ಅನ್ನೋದು ಗೊತ್ತಾದ ಮೇಲೆ ನಿಜವಾದ ಗೊಂದಲ ಶುರುವಾಗುತ್ತದೆ. ಆಟಗಳ ಮೂಲಕ ಕಲಿಯಲಿ ಅಂತ ಬಿಡೋಣವಾ? ಉಚಿತ ವೆಬ್‌ಸೈಟಿನ ಪಾಠ ಸಾಕಾ? ದುಡ್ಡು ಕೊಟ್ಟು ಕೋರ್ಸ್ ತೆಗೆದುಕೊಳ್ಳಬೇಕಾ? ಕ್ಲಾಸಿಗೆ ಸೇರಿಸಬೇಕಾ? ಅಥವಾ ಏನೂ ಮಾಡದಿದ್ದರೂ ತಾನಾಗಿಯೇ ಬರುತ್ತದಾ? ಎರಡು ಮಕ್ಕಳಿಗೆ ಎರಡು ಬೇರೆ ರೀತಿಯಲ್ಲಿ ಕಲಿಸಿದವಳು ನಾನು. ಒಂದರಲ್ಲಿ ಎಡವಿದ್ದೇನೆ, ಇನ್ನೊಂದು ಚೆನ್ನಾಗಿ ಕೈಹಿಡಿದಿದೆ. ಹಾಗಾಗಿ ಒಂದೊಂದನ್ನೂ ಬಿಡಿಸಿ ಹೇಳುತ್ತೇನೆ.

ಇದರಿಂದ ಸಿಗೋದು ಏನು?

ಟಚ್ ಟೈಪಿಂಗ್ ಅಂದರೆ ಕೀಲಿಗಳನ್ನು ನೋಡದೆ, ಹತ್ತೂ ಬೆರಳು ಬಳಸಿ ಟೈಪ್ ಮಾಡುವುದು. ಎಡಗೈಯ ನಾಲ್ಕು ಬೆರಳು ಎ, ಎಸ್, ಡಿ, ಎಫ್ ಮೇಲೆ. ಬಲಗೈಯವು ಜೆ, ಕೆ, ಎಲ್ ಮತ್ತು ಅದರ ಪಕ್ಕದ ಕೀಲಿಯ ಮೇಲೆ. ಹೆಬ್ಬೆರಳು ಸ್ಪೇಸ್ ಬಾರ್ ಮೇಲೆ. ಎಫ್ ಮತ್ತು ಜೆ ಕೀಲಿಗಳನ್ನು ಮುಟ್ಟಿ ನೋಡಿ, ಸಣ್ಣ ಗೀರು ಕೈಗೆ ಸಿಗುತ್ತದೆ. ಕಣ್ಣು ಮುಚ್ಚಿದರೂ ತೋರುಬೆರಳು ತನ್ನ ಮನೆಗೆ ಮರಳಲಿ ಅಂತಲೇ ಅದನ್ನು ಇಟ್ಟಿದ್ದಾರೆ.

ಎಲ್ಲರೂ ಮೊದಲು ಹೇಳೋದು ವೇಗದ ಮಾತು. ನನಗೆ ಅದು ಎರಡನೇ ಲಾಭ. ಮಗು ಬರೆಯುವಾಗ ಅದರ ತಲೆ ಒಂದೇ ಸಲಕ್ಕೆ ಎಷ್ಟೋ ಕೆಲಸ ಮಾಡುತ್ತಿರುತ್ತದೆ. ಏನು ಹೇಳಬೇಕು, ಯಾವ ಪದ ಹಾಕಬೇಕು, ಕಾಗುಣಿತ ಹೇಗೆ, ವಾಕ್ಯ ಎಲ್ಲಿ ನಿಲ್ಲಬೇಕು. ಇದರ ಜೊತೆಗೆ "ಆರ್ ಎಲ್ಲಿದೆ?" ಅಂತ ಹುಡುಕೋದೂ ಸೇರಿದರೆ ಯಾವುದೋ ಒಂದು ಕೈಜಾರುತ್ತದೆ. ಹೆಚ್ಚಾಗಿ ಜಾರೋದು ಯೋಚನೆಯೇ. ಬೆರಳಿಗೆ ದಾರಿ ತಿಳಿದುಬಿಟ್ಟರೆ ತಲೆ ಪೂರ್ತಿ ಬರವಣಿಗೆಗೆ ಸಿಗುತ್ತದೆ.

ಇನ್ನೊಂದು ಲಾಭ ತಿದ್ದುವ ಧೈರ್ಯ. ಕೈಯಲ್ಲಿ ಬರೆದ ಒಂದು ಪುಟವನ್ನು ಮತ್ತೆ ಬರೆ ಅಂದರೆ ಯಾವ ಮಗುವಿಗೂ ಬೇಸರ. ಪರದೆಯ ಮೇಲೆ ಒಂದು ವಾಕ್ಯವನ್ನು ಮೇಲಕ್ಕೆ ಸರಿಸೋದು, ಇನ್ನೊಂದನ್ನು ಅಳಿಸೋದು ಸಲೀಸು. ಕಣ್ಣು ಪರದೆಯ ಮೇಲೇ ಇರುವುದರಿಂದ ತಪ್ಪು ಆದ ಕೂಡಲೇ ಕಾಣುತ್ತದೆ. ಕೀಬೋರ್ಡ್ ನೋಡುತ್ತಾ ಕುಟ್ಟುವ ಮಗು ತಲೆ ಎತ್ತುವಷ್ಟರಲ್ಲಿ ಒಂದಿಡೀ ಸಾಲು ದೊಡ್ಡಕ್ಷರದಲ್ಲಿ ಬಂದಿರುತ್ತದೆ, ಅಲ್ವಾ? ಕತ್ತು ನಿಮಿಷಕ್ಕೆ ಹತ್ತು ಸಲ ಬಗ್ಗಿ ಏಳೋದೂ ತಪ್ಪುತ್ತದೆ.

ಕೈಬರಹ ಕಷ್ಟವಾಗುವ ಮಕ್ಕಳಿಗಂತೂ ಇದು ದೊಡ್ಡ ಆಸರೆ. ಅಕ್ಷರ ಮೂಡಿಸುವುದರಲ್ಲೇ ಕೈ ಸೋತುಹೋಗುವ ಮಕ್ಕಳಿದ್ದಾರೆ. ಅವರಿಗೆ ಗೊತ್ತಿರೋದು ಬೆಟ್ಟದಷ್ಟು, ಕಾಗದಕ್ಕೆ ಇಳಿಯೋದು ಎರಡು ಸಾಲು. ಅಂಥ ಮಗುವಿಗೆ ಟೈಪಿಂಗ್ ಬಂದರೆ, ತನಗೆ ಏನು ಗೊತ್ತು ಅನ್ನೋದನ್ನು ಕೊನೆಗೂ ತೋರಿಸಬಹುದು.

ಹಾಗಂತ ಕೈಬರಹ ಬಿಡಿಸಿ ಅಂತ ನಾನು ಹೇಳುತ್ತಿಲ್ಲ. ಪುಟ್ಟ ಮಕ್ಕಳು ಅಕ್ಷರದ ಆಕಾರ ಕಲಿಯೋದು ಕೈಯಿಂದ ಬರೆದೇ. 2016ರಲ್ಲಿ ಫಿನ್‌ಲೆಂಡ್ ತನ್ನ ಪಠ್ಯಕ್ರಮದಲ್ಲಿ ಕೂಡುಬರಹ ಕಡ್ಡಾಯವಲ್ಲ ಅಂತ ಮಾಡಿ ಕೀಬೋರ್ಡ್ ಕಲಿಕೆಗೆ ಜಾಗ ಕೊಟ್ಟಿತು. ಅಲ್ಲೂ ಬಿಡಿ ಅಕ್ಷರಗಳ ಕೈಬರಹವನ್ನು ಬಿಡಲಿಲ್ಲ. ಎರಡೂ ಇರಲಿ.

ಆರಿಸುವ ಮುಂಚೆ ಏನು ನೋಡಬೇಕು?

ಮೊದಲು ಮಗುವಿನ ಕೈ ನೋಡಿ. ಎರಡು ತೋರುಬೆರಳನ್ನು ಎಫ್, ಜೆ ಮೇಲೆ ಇಡಿಸಿ. ಕಿರುಬೆರಳು ಎಳೆದಾಡದೆ ಆ ಸಾಲಿನ ತುದಿಗೆ ತಲುಪುತ್ತದಾ? ಮೇಲಿನ ಸಾಲಿಗೆ ಹೋಗಿ ವಾಪಸ್ ಬರುತ್ತದಾ? ಬಂದರೆ ಕೈ ಸಿದ್ಧ. ಸಾಮಾನ್ಯವಾಗಿ ಏಳೆಂಟು ವರ್ಷಕ್ಕೆ ಇದು ಆಗುತ್ತದೆ. ಕೆಲವರಿಗೆ ಒಂಬತ್ತು ಆಗಬೇಕು. ಇದರ ಜೊತೆ ಇನ್ನೊಂದು ಸಣ್ಣ ವಿಷಯ: ಕೀಲಿಗಳ ಮೇಲೆ ಅಚ್ಚಾಗಿರೋದು ಇಂಗ್ಲಿಷಿನ ದೊಡ್ಡಕ್ಷರ, ಒತ್ತಿದರೆ ಬರೋದು ಚಿಕ್ಕಕ್ಷರ. ಎರಡೂ ಒಂದೇ ಅಂತ ಮಗುವಿಗೆ ಚೆನ್ನಾಗಿ ಗೊತ್ತಿರಬೇಕು.

ಎರಡನೆಯದು, ನೀವು ಆರಿಸುವ ದಾರಿ ಮೊದಲು ಏನನ್ನು ಕೇಳುತ್ತದೆ, ಸರಿಯಾಗಿ ಒತ್ತು ಅಂತಲೋ, ಬೇಗ ಒತ್ತು ಅಂತಲೋ? ನನ್ನ ಮಟ್ಟಿಗೆ ಉಳಿದೆಲ್ಲಕ್ಕಿಂತ ದೊಡ್ಡ ಅಳತೆಗೋಲು ಇದು. ಬೇಗ ಅಂದ ಕೂಡಲೇ ಮಗು ತನ್ನ ಹಳೇ ಎರಡು ಬೆರಳಿಗೆ ಮರಳುತ್ತದೆ. ತಪ್ಪು ಬೆರಳಿನ ರೂಢಿ ಒಮ್ಮೆ ಕೂತರೆ ಬಿಡಿಸೋದು ಹೊಸದಾಗಿ ಕಲಿಸೋದಕ್ಕಿಂತ ಕಷ್ಟ.

ಮೂರನೆಯದು, ದೊಡ್ಡವರ ಸಮಯ. ಯಾವ ಪ್ರೋಗ್ರಾಂಗೂ ಮಗುವಿನ ಕೈ ಕಾಣೋದಿಲ್ಲ. ಯಾವ ಅಕ್ಷರ ಬಂತು ಅನ್ನೋದಷ್ಟೇ ಅದಕ್ಕೆ ಗೊತ್ತು. ಯಾವ ಬೆರಳಿನಿಂದ ಬಂತು ಅನ್ನೋದು ಗೊತ್ತಾಗೋದು ಪಕ್ಕದಲ್ಲಿ ಕೂತವರಿಗೆ ಮಾತ್ರ. ಮೊದಲ ಮೂರು ನಾಲ್ಕು ವಾರ ದಿನಕ್ಕೆ ಹತ್ತು ನಿಮಿಷ ನೀವು ಕೂರಬಲ್ಲಿರಾ? ನಿಮ್ಮ ಆಯ್ಕೆ ಈ ಉತ್ತರದ ಮೇಲೆ ತುಂಬಾ ನಿಂತಿದೆ.

ಉಳಿದವು ಬೇಗ ಹೇಳುತ್ತೇನೆ. ಪಾಠ ಹತ್ತು ಹದಿನೈದು ನಿಮಿಷದಲ್ಲಿ ಮುಗಿಯಬೇಕು. ಜಾಹೀರಾತು ಎಷ್ಟಿದೆ ಅಂತ ನೋಡಿ. ಮಗುವಿನ ಹೆಸರು, ಇಮೇಲ್ ಕೇಳುತ್ತದಾ, ಅಪರಿಚಿತರ ಜೊತೆ ಆಡಿಸುತ್ತದಾ, ಇಂಟರ್‌ನೆಟ್ ಇಲ್ಲದೆ ನಡೆಯುತ್ತದಾ, ಇವನ್ನೂ ನೋಡಿ.

ತಾನಾಗಿ ಕಲಿಯಲಿ ಅಂತ ಬಿಡುವುದು

ಇದನ್ನು ಸೋಮಾರಿತನ ಅಂತ ತಳ್ಳಿಹಾಕಬೇಡಿ. ಫಿನ್‌ಲೆಂಡಿನ ಆಲ್ಟೊ ವಿಶ್ವವಿದ್ಯಾಲಯದವರು 2016ರಲ್ಲಿ 30 ಜನರ ಬೆರಳಿನ ಚಲನೆಯನ್ನು ಕ್ಯಾಮೆರಾಗಳಿಂದ ಹಿಡಿದು ನೋಡಿದರು. ಕ್ರಮವಾಗಿ ಕಲಿಯದ ಕೆಲವರು ಕಡಿಮೆ ಬೆರಳು ಬಳಸಿಯೂ ಹತ್ತು ಬೆರಳಿನವರಷ್ಟೇ ವೇಗವಾಗಿದ್ದರು. ಅವರ ಗುಟ್ಟು ಏನಂದರೆ ಒಂದು ಅಕ್ಷರಕ್ಕೆ ಯಾವಾಗಲೂ ಅದೇ ಬೆರಳು, ಮತ್ತು ಕೈಯ ಓಡಾಟ ಕಡಿಮೆ. ಆದರೆ ಒಂದು ವ್ಯತ್ಯಾಸ ಉಳಿದೇ ಇತ್ತು. ಅವರು ಕೀಬೋರ್ಡನ್ನು ಜಾಸ್ತಿ ನೋಡುತ್ತಿದ್ದರು.

ಹಾಗಾಗಿ ಹದಿನಾಲ್ಕು ಹದಿನೈದರ ಮಗ ಆರು ಬೆರಳಿನಲ್ಲಿ ಸಲೀಸಾಗಿ ಟೈಪ್ ಮಾಡುತ್ತಿದ್ದರೆ, ತಪ್ಪೂ ಕಡಿಮೆ ಇದ್ದರೆ, ಅವನನ್ನು ಮತ್ತೆ ಮೊದಲ ಪಾಠಕ್ಕೆ ಕೂರಿಸಬೇಡಿ. ಕೀಬೋರ್ಡ್ ಮೇಲೆ ಒಂದು ತೆಳು ಬಟ್ಟೆ ಹೊದಿಸಿ, ಅದರ ಕೆಳಗೆ ಕೈ ಇಟ್ಟು ದಿನಾ ಐದು ನಿಮಿಷ ಬರೆಯಲು ಹೇಳಿ. ನೋಡುವ ಅಭ್ಯಾಸ ಒಂದು ಬಿಟ್ಟುಹೋದರೆ ಅವನಿಗೆ ಬೇಕಾದದ್ದು ಸಿಕ್ಕಂತೆ.

ಎಂಟರ ಮಗುವಿನ ವಿಷಯ ಬೇರೆ. ಅದಕ್ಕೆ ಇನ್ನೂ ಯಾವ ರೂಢಿಯೂ ಕೂತಿಲ್ಲ. ಸುಮ್ನೆ ಬಿಟ್ಟರೆ ಎರಡು ಬೆರಳಿನಲ್ಲಿ ನಿಂತುಬಿಡುವ ಸಾಧ್ಯತೆಯೇ ಹೆಚ್ಚು. ನನ್ನ ಮಗಳಿಗೆ ಆದದ್ದು ಅದೇ.

ಉಚಿತ ಪಾಠಗಳ ವೆಬ್‌ಸೈಟ್

ಟೈಪಿಂಗ್‌ಕ್ಲಬ್, ಟೈಪಿಂಗ್ ಡಾಟ್ ಕಾಮ್ ಈ ಗುಂಪಿನವು. ಎರಡರಲ್ಲೂ ಎಫ್, ಜೆಯಿಂದ ಶುರು ಮಾಡಿ ಎರಡೆರಡೇ ಅಕ್ಷರ ಸೇರಿಸುತ್ತಾ ಹೋಗುತ್ತಾರೆ. ಪರದೆಯ ಮೇಲೆ ಒಂದು ಜೊತೆ ಕೈಯ ಚಿತ್ರ ಇದ್ದು, ಈಗ ಯಾವ ಬೆರಳು ಹೋಗಬೇಕು ಅಂತ ತೋರಿಸುತ್ತದೆ. ಮಗು ಕೆಳಗೆ ನೋಡುವ ಬದಲು ಆ ಚಿತ್ರ ನೋಡುತ್ತದೆ. ಈ ಒಂದು ಚಿತ್ರವೇ ಎಷ್ಟೋ ಕೆಲಸ ಮಾಡುತ್ತದೆ.

ಮಗನಿಗೆ ಎಂಟು ತುಂಬಿದಾಗ ನಾನು ಆರಿಸಿದ್ದು ಈ ದಾರಿಯನ್ನೇ. ಮೊದಲ ವಾರ ಬರೀ "ಎಫ್ ಎಫ್ ಜೆ ಜೆ" ಬೇಸರ. ಪಕ್ಕದಲ್ಲಿ ಕೂತು ಬೆರಳು ನೋಡುತ್ತಿದ್ದೆ. ವೇಗದ ಅಂಕಿಯ ಮೇಲೆ ಒಂದು ಚೀಟಿ ಅಂಟಿಸಿಬಿಟ್ಟಿದ್ದೆ. ನಿಖರತೆಯ ಅಂಕಿ ಮಾತ್ರ ಕಾಣುತ್ತಿತ್ತು. ನೂರಕ್ಕೆ ತೊಂಬತ್ತೈದು ಸರಿ ಬಂದರೆ ಮುಂದಿನ ಪಾಠ, ಇಲ್ಲದಿದ್ದರೆ ಅದೇ ಪಾಠ ಇನ್ನೂ ನಿಧಾನವಾಗಿ. ಚೀಟಿ ತೆಗೆದದ್ದು ಎರಡು ತಿಂಗಳಾದ ಮೇಲೆ.

ಕೊರತೆಗಳೂ ಇವೆ. ಉಚಿತ ಅಂದ ಕಡೆ ಜಾಹೀರಾತು ಇರಬಹುದು, ಖಾತೆ ತೆರೆಯಬೇಕಾಗಬಹುದು. ಖಾತೆಯನ್ನು ನಿಮ್ಮ ಹೆಸರಿನಲ್ಲೇ ತೆರೆಯಿರಿ. ಮಕ್ಕಳು ನಕ್ಷತ್ರ ಗಳಿಸುವ ಆಸೆಗೆ ಪಾಠ ಓಡಿಸುತ್ತಾರೆ, ಅದರ ಮೇಲೆ ಕಣ್ಣಿರಲಿ. ಹತ್ತು ವರ್ಷ ದಾಟಿದವರಿಗೆ ಕೀಬ್ರ್ ಅನ್ನುವ ವೆಬ್‌ಸೈಟ್ ಕೂಡ ಒಳ್ಳೆಯದು. ಅದು ಕೆಲವೇ ಅಕ್ಷರದಿಂದ ಶುರು ಮಾಡಿ, ಯಾವ ಅಕ್ಷರದಲ್ಲಿ ಎಡವುತ್ತೀರೋ ಅದನ್ನೇ ಹೆಚ್ಚು ಕೊಡುತ್ತದೆ. ಆದರೆ ಅದು ಕೊಡುವ ಪದಗಳಿಗೆ ಎಷ್ಟೋ ಸಲ ಅರ್ಥವೇ ಇರುವುದಿಲ್ಲ, ಚಿಕ್ಕವರಿಗೆ ಅದು ಹಿಡಿಸುವುದಿಲ್ಲ.

ಆಟಗಳು

ಮಗಳ ವಿಷಯದಲ್ಲಿ ನಾನು ಎಡವಿದ್ದು ಇಲ್ಲಿ. ಕಲಿಕೆ ಅಂದರೆ ಖುಷಿಯಾಗಿರಬೇಕು ಅಂತ ಮೊದಲ ದಿನವೇ ಕಾರ್ ರೇಸಿನ ಟೈಪಿಂಗ್ ಆಟ ಹಾಕಿಕೊಟ್ಟೆ. ಅವಳಿಗೆ ತುಂಬಾ ಇಷ್ಟವಾಯಿತು. ಒಂದೇ ತಿಂಗಳಲ್ಲಿ ಎರಡು ಬೆರಳಿನಲ್ಲೇ ಮೊದಲಿಗಿಂತ ವೇಗವಾದಳು! ಅಂದರೆ ಬಿಡಿಸಬೇಕಿದ್ದ ರೂಢಿಯನ್ನು ನಾನೇ ಗಟ್ಟಿ ಮಾಡಿದ್ದೆ. ಅದನ್ನು ಬಿಡಿಸಲು ಆಮೇಲೆ ಐದು ತಿಂಗಳು ಬೇಕಾಯಿತು. ಅವಳ ಕಣ್ಣೀರು ನನಗೆ ಇನ್ನೂ ನೆನಪಿದೆ. ಅವಳದು ಏನೂ ತಪ್ಪಿರಲಿಲ್ಲ.

ಆಟಗಳಲ್ಲಿ ಎರಡು ಬಗೆ ಇವೆ ಅಂತ ನನಗೆ ಆಗ ಗೊತ್ತಿರಲಿಲ್ಲ. ಬಿಬಿಸಿಯ ಡ್ಯಾನ್ಸ್ ಮ್ಯಾಟ್ ಟೈಪಿಂಗ್ ಪಾಠವನ್ನೇ ಆಟದ ರೂಪದಲ್ಲಿ ಕೊಡುತ್ತದೆ. 7ರಿಂದ 11 ವರ್ಷದವರಿಗೆ ಮಾಡಿದ್ದು, 4 ಹಂತ, ಒಂದೊಂದರಲ್ಲಿ 3 ಭಾಗ, ಮಾತಾಡುವ ಪ್ರಾಣಿಗಳು. ಮಧ್ಯದ ಸಾಲಿನಿಂದಲೇ ಶುರುವಾಗುವುದರಿಂದ ಮೊದಲ ದಿನವೇ ಕೊಡಬಹುದು. ನೈಟ್ರೋ ಟೈಪ್, ಟೈಪ್‌ರೇಸರ್, ಝಡ್‌ಟೈಪ್ ಇನ್ನೊಂದು ಬಗೆ. ಅಲ್ಲಿ ಗೆಲ್ಲೋದು ವೇಗ. ಬೆರಳು ಸರಿಯಾಗಿ ಕೂತ ಮೇಲೆ ಇವು ಒಳ್ಳೆಯ ಅಭ್ಯಾಸ, ಅದಕ್ಕೂ ಮುಂಚೆ ಬೇಡ. ನಮ್ಮ ಮನೆಯಲ್ಲಿ ಈಗ ಒಂದು ನಿಯಮ ಇದೆ. ಎಲ್ಲ ಅಕ್ಷರದ ಪಾಠ ಮುಗಿಯುವವರೆಗೆ ರೇಸ್ ಇಲ್ಲ.

ಇಂಟರ್‌ನೆಟ್ ಬೇಡದ ತಂತ್ರಾಂಶ

ಹಳೇ ಕಂಪ್ಯೂಟರ್ ಇದೆ, ನೆಟ್ ಸರಿಯಾಗಿ ಬರಲ್ಲ, ಅಥವಾ ಮಗುವನ್ನು ಬ್ರೌಸರ್ ಮುಂದೆ ಕೂರಿಸಲು ಇಷ್ಟವಿಲ್ಲ ಅನ್ನುವವರು ಇದನ್ನು ನೋಡಿ. ಟಕ್ಸ್ ಟೈಪಿಂಗ್‌ನಲ್ಲಿ ಮೇಲಿನಿಂದ ಮೀನು ಬೀಳುತ್ತವೆ, ಮೀನಿನ ಮೇಲಿನ ಅಕ್ಷರ ಒತ್ತಿದರೆ ಪೆಂಗ್ವಿನ್ ಹೋಗಿ ತಿನ್ನುತ್ತದೆ. ಜಿಕಾಂಪ್ರಿ ಅನ್ನುವ ಮಕ್ಕಳ ಕಲಿಕೆಯ ಕಟ್ಟಿನಲ್ಲೂ ಕೀಬೋರ್ಡ್ ಪರಿಚಯದ ಆಟಗಳಿವೆ, ಐದಾರು ವರ್ಷದವರಿಗೆ ಅಷ್ಟು ಸಾಕು. ಕ್ರಮವಾದ ಪಾಠ ಬೇಕಿದ್ದರೆ ಕ್ಲಾವಾರೊ ಅಥವಾ ಕೆಟಚ್. ಎಲ್ಲವೂ ಮುಕ್ತ ತಂತ್ರಾಂಶ. ದುಡ್ಡಿಲ್ಲ, ಜಾಹೀರಾತಿಲ್ಲ, ಮಗುವಿನ ಮಾಹಿತಿ ಎಲ್ಲೂ ಹೋಗಲ್ಲ. ನೋಡಲು ಸ್ವಲ್ಪ ಹಳೆಯ ಕಾಲದವು ಅನ್ನಿಸಬಹುದು. ಕ್ಲಾವಾರೊ, ಕೆಟಚ್ ಮುಂದೆ ಪುಟ್ಟ ಮಗು ತಾನಾಗಿ ಕೂರುವುದು ಕಷ್ಟ, ನೀವು ಜೊತೆಗಿರಬೇಕು.

ಕ್ಲಾಸು, ಮೇಷ್ಟ್ರು

ಕೈ ನೋಡುವವರು ಒಬ್ಬರು ಇರುತ್ತಾರೆ, ಇದೇ ಕ್ಲಾಸಿನ ದೊಡ್ಡ ಬಲ. ನಿಮಗೆ ಸಮಯ ಇಲ್ಲದಿದ್ದರೆ ದುಡ್ಡು ಹಾಕಲು ಇದು ಸರಿಯಾದ ಜಾಗ. ಆದರೆ ಸೇರಿಸುವ ಮುಂಚೆ ಒಂದು ತರಗತಿ ನೋಡಿ ಬನ್ನಿ. ಮೇಷ್ಟ್ರು ಮಕ್ಕಳ ಹಿಂದೆ ಓಡಾಡುತ್ತಾ ಬೆರಳು ತಿದ್ದುತ್ತಾರಾ, ಅಥವಾ ಎಲ್ಲರನ್ನೂ ಪ್ರೋಗ್ರಾಂ ಮುಂದೆ ಕೂರಿಸಿ ತಾವು ಬೇರೆ ಕೆಲಸ ಮಾಡುತ್ತಾರಾ? ಎರಡನೆಯದಾದರೆ ಅದೇ ಕೆಲಸ ಮನೆಯಲ್ಲಿ ಉಚಿತವಾಗಿ ಆಗುತ್ತದೆ. ವಾರಕ್ಕೆ ಒಂದೇ ದಿನದ ಕ್ಲಾಸು ನನಗೆ ಸರಿ ಕಾಣಲ್ಲ. ಬೆರಳಿಗೆ ಬೇಕಾಗಿರೋದು ದಿನದಿನದ ಸಣ್ಣ ಅಭ್ಯಾಸ. ಒಂದು ಗಂಟೆ ಒಟ್ಟಿಗೆ ಕೂರುವುದಕ್ಕಿಂತ ಹತ್ತು ನಿಮಿಷ ಐದು ದಿನ ಮೇಲು.

ದುಡ್ಡು ಕೊಡುವ ಕೋರ್ಸುಗಳು

ಇವುಗಳಲ್ಲಿ ಬಹುಪಾಲು ನಿಮಗೆ ಸಿಗೋದು ಜಾಹೀರಾತಿನ ಕಾಟ ಇಲ್ಲದಿರುವುದು, ಚಂದದ ಚಿತ್ರಗಳು, ಮಗು ಎಷ್ಟು ಕಲಿತಿತು ಅನ್ನುವ ವರದಿ. ಸಾಮಾನ್ಯ ಮಗುವಿಗೆ ಇಷ್ಟಕ್ಕೆ ದುಡ್ಡು ಹಾಕಲೇಬೇಕಾದ ಅಗತ್ಯ ನನಗೆ ಕಂಡಿಲ್ಲ. ಆದರೆ ಒಂದು ಸಂದರ್ಭದಲ್ಲಿ ಯೋಚಿಸಿ. ಮಗುವಿಗೆ ಡಿಸ್ಲೆಕ್ಸಿಯಾ, ಅಂದರೆ ಓದು, ಕಾಗುಣಿತ ಕಷ್ಟವಾಗುವ ತೊಂದರೆ ಇದ್ದರೆ ಟಚ್-ಟೈಪ್ ರೀಡ್ ಅಂಡ್ ಸ್ಪೆಲ್ ಅನ್ನುವ ಕೋರ್ಸ್ ನೋಡಬಹುದು. ಅಲ್ಲಿ ಅಕ್ಷರಗಳನ್ನು ಕೀಲಿಯ ಜಾಗಕ್ಕೆ ತಕ್ಕಂತೆ ಕೊಡದೆ, ಧ್ವನಿಯ ಗುಂಪಿಗೆ ತಕ್ಕಂತೆ ಪದಗಳಾಗಿ ಕೊಡುತ್ತಾರೆ. ಪದ ಕಾಣುತ್ತದೆ, ಕೇಳುತ್ತದೆ, ಬೆರಳು ಅದನ್ನೇ ಒತ್ತುತ್ತದೆ. ಓದು, ಕಾಗುಣಿತ, ಟೈಪಿಂಗ್ ಒಟ್ಟಿಗೆ ನಡೆಯುತ್ತವೆ. ಯಾವುದೇ ಕೋರ್ಸ್ ಆದರೂ ವರ್ಷದ ಚಂದಾ ಕಟ್ಟುವ ಮುಂಚೆ ಒಂದು ವಾರ ಪರೀಕ್ಷೆ ಮಾಡಿ ನೋಡಲು ಬಿಡುತ್ತಾರಾ ಕೇಳಿ. ಮಗುವಿನ ಶಿಕ್ಷಕರನ್ನೂ, ಚಿಕಿತ್ಸಕರನ್ನೂ ಕೇಳಿ.

ಮಾತಾಡಿದರೆ ತಾನೇ ಬರೆದುಕೊಳ್ಳುವ ಸೌಲಭ್ಯ ಬಂದಿದೆಯಲ್ಲ, ಟೈಪಿಂಗ್ ಯಾಕೆ ಅಂತಲೂ ಕೆಲವರು ಕೇಳುತ್ತಾರೆ. ಕೈಗೆ ತೀರಾ ತೊಂದರೆ ಇರುವ ಮಗುವಿಗೆ ಅದು ವರ. ಆದರೆ ತುಂಬಿದ ತರಗತಿಯಲ್ಲಿ, ಪರೀಕ್ಷೆಯ ಕೋಣೆಯಲ್ಲಿ ಮಾತಾಡಿ ಬರೆಯಲು ಆಗೋದಿಲ್ಲ. ಬರೆದದ್ದನ್ನು ತಿದ್ದಲು ಕೊನೆಗೂ ಕೀಬೋರ್ಡೇ ಬೇಕು. ಕೋಡಿಂಗ್ ಕಲಿಯುವವರಿಗಂತೂ ಬೇಕೇ ಬೇಕು.

ಕೀಬೋರ್ಡ್, ಮತ್ತೆ ಕನ್ನಡದ ಪ್ರಶ್ನೆ

ಟ್ಯಾಬ್ಲೆಟ್ಟಿನ ಗಾಜಿನ ಮೇಲೆ ಟಚ್ ಟೈಪಿಂಗ್ ಕಲಿಸಬೇಡಿ. ಅಲ್ಲಿ ಬೆರಳಿಗೆ ಗೀರು ಸಿಗಲ್ಲ, ಅಂಚೂ ಸಿಗಲ್ಲ. ಟ್ಯಾಬ್ಲೆಟ್ ಮಾತ್ರ ಇದ್ದರೆ ಒಂದು ಸಾದಾ ಕೀಬೋರ್ಡ್ ಜೋಡಿಸಿ. ದುಡ್ಡು ಸ್ವಲ್ಪವೇ ಇದೆ ಅಂದರೆ, ಕೋರ್ಸಿಗಿಂತ ಮೊದಲು ಅದನ್ನು ಇಲ್ಲಿ ಹಾಕಿ. ಸಾಮಾನ್ಯ ಕೀಬೋರ್ಡಿನಲ್ಲಿ ಒಂದು ಕೀಲಿಯ ಮಧ್ಯದಿಂದ ಇನ್ನೊಂದರ ಮಧ್ಯಕ್ಕೆ ಸುಮಾರು 19 ಮಿಲಿಮೀಟರ್ ಇರುತ್ತದೆ. ಮುಂದೆ ಎಲ್ಲ ಕಡೆ ಸಿಗೋದು ಇದೇ ಅಳತೆ, ಹಾಗಾಗಿ ತೀರಾ ಪುಟಾಣಿ ಕೀಬೋರ್ಡ್ ಬೇಡ. ಮಗುವಿನ ಪಾದ ನೆಲಕ್ಕೆ ಅಥವಾ ಒಂದು ಮಣೆಗೆ ತಾಗಲಿ, ಮೊಣಕೈ ಮೇಜಿನ ಎತ್ತರಕ್ಕೆ ಬರಲಿ.

1936ರಲ್ಲಿ ಪೇಟೆಂಟ್ ಆದ ದ್ವೊರಾಕ್‌ನಂಥ, ಅಕ್ಷರಗಳನ್ನು ಬೇರೆ ಕ್ರಮದಲ್ಲಿ ಜೋಡಿಸಿದ ಕೀಬೋರ್ಡ್ ವಿನ್ಯಾಸಗಳಿವೆ. ಆದರೆ ಶಾಲೆಯ ಕಂಪ್ಯೂಟರಿನಲ್ಲಿ ಇರೋದು ಕ್ವರ್ಟಿ, ಅಂದರೆ ಮೇಲಿನ ಸಾಲು ಕ್ಯು, ಡಬ್ಲ್ಯು, ಇ, ಆರ್, ಟಿ, ವೈ ಅಂತ ಶುರುವಾಗುವ ಸಾಮಾನ್ಯ ವಿನ್ಯಾಸ. ಮಗುವಿಗೆ ಅದೇ ಇರಲಿ.

ಕನ್ನಡ ಟೈಪಿಂಗಿಗೂ ಇದೇ ಬೆರಳು ಸಾಕು. ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸದಲ್ಲಿ ಕೆ ಒತ್ತಿದರೆ ಕ, ಎಂ ಒತ್ತಿದರೆ ಮ. ಒತ್ತಕ್ಷರ ಕೂಡಿಸಲು ಎಫ್, ಅದೇ ಗೀರು ಇರುವ ಎಫ್! ಕ್ವರ್ಟಿ ಗೊತ್ತಿರುವ ಮಗುವಿಗೆ ಇದು ಬೇಗ ಹತ್ತುತ್ತದೆ. ಇನ್‌ಸ್ಕ್ರಿಪ್ಟ್ ಅನ್ನುವ ಇನ್ನೊಂದು ಕೀಬೋರ್ಡ್ ವಿನ್ಯಾಸ ಬೇರೆ ಕ್ರಮದ್ದು. ಎಡಗೈಗೆ ಸ್ವರ, ಬಲಗೈಗೆ ವ್ಯಂಜನ ಹೆಚ್ಚಾಗಿ ಬರುತ್ತವೆ. ಒಮ್ಮೆ ಕಲಿತರೆ ಬೇರೆ ಭಾರತೀಯ ಲಿಪಿಗಳಿಗೂ ಅದೇ ಜಾಗ, ಆದರೆ ಹೊಸದಾಗಿ ಕಲಿಯಬೇಕು. ಇಂಗ್ಲಿಷ್, ಕನ್ನಡ ಎರಡನ್ನೂ ಒಟ್ಟಿಗೆ ಕಲಿಸಬೇಡಿ. ಇಂಗ್ಲಿಷ್ ಅಕ್ಷರದ ಜಾಗ ಗಟ್ಟಿಯಾದ ಮೇಲೆ ಕನ್ನಡಕ್ಕೆ ಬನ್ನಿ, ಆದರೆ ಖಂಡಿತ ಬನ್ನಿ.

ನಿಮ್ಮ ಮಗುವಿಗೆ ಯಾವುದು?

ಐದಾರು ವರ್ಷವಾದರೆ ಪಾಠ ಬೇಡ. ಜಿಕಾಂಪ್ರಿಯಲ್ಲಿ ಅಕ್ಷರ ಹುಡುಕುವ ಆಟ, ಪೆನ್ಸಿಲ್ ಹಿಡಿದು ಬರೆಯೋದು, ಅಷ್ಟೇ. ಏಳರಿಂದ ಒಂಬತ್ತು, ನಿಮಗೆ ಹತ್ತು ನಿಮಿಷ ಇದೆ ಅಂದರೆ ಉಚಿತ ಪಾಠ ಅಥವಾ ಡ್ಯಾನ್ಸ್ ಮ್ಯಾಟ್, ಪಕ್ಕದಲ್ಲಿ ನೀವು. ಅದೇ ವಯಸ್ಸು, ಸಮಯ ಇಲ್ಲ ಅಂದರೆ ಒಳ್ಳೆಯ ಕ್ಲಾಸು ಹುಡುಕಿ, ಸಿಗದಿದ್ದರೆ ಒಂದು ವರ್ಷ ಕಾಯಿರಿ. ಗಮನಿಸುವವರು ಇಲ್ಲದೆ ಶುರು ಮಾಡುವುದಕ್ಕಿಂತ ಕಾಯುವುದೇ ವಾಸಿ.

ಹತ್ತರಿಂದ ಹದಿಮೂರರ ಮಕ್ಕಳಿಗೆ ಎರಡು ಬೆರಳಿನ ರೂಢಿ ಆಗಲೇ ಇರುತ್ತದೆ. ಇವರಿಗೆ ಹೆಚ್ಚು ತಾಳ್ಮೆ ಬೇಕು. ಹೊಸ ರೀತಿ ಶುರು ಮಾಡಿದಾಗ ಕೆಲವು ವಾರ ಇವರು ಮೊದಲಿಗಿಂತ ನಿಧಾನವಾಗುತ್ತಾರೆ. ಇದನ್ನು ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ತನಗೆ ಬರಲ್ಲ ಅಂದುಕೊಳ್ಳುತ್ತಾರೆ. ಆ ವಾರಗಳಲ್ಲಿ ಹೋಂವರ್ಕ್ ಕೈಯಲ್ಲೇ ಬರೆಯಲಿ. ಟೈಪ್ ಮಾಡಲೇಬೇಕಾಗಿ ಬಂದರೆ ಅವಸರಕ್ಕೆ ಹಳೇ ಬೆರಳೇ ಓಡುತ್ತವೆ, ಅಭ್ಯಾಸ ಮಾಡಿದ್ದೆಲ್ಲ ಹೋಗುತ್ತದೆ. ಮಗಳಿಗೆ ಕೊನೆಗೆ ಕೆಲಸ ಮಾಡಿದ್ದು ಈ ಉಪಾಯವೇ.

ಬರೆಯಲು ಕೈ ನೋಯುವ ಮಗುವಾದರೆ ವಯಸ್ಸಿನ ಲೆಕ್ಕ ಬಿಡಿ, ಬೇಗ ಶುರು ಮಾಡಿ. ಒಂದು ಸಲಕ್ಕೆ ಐದು ನಿಮಿಷ ಸಾಕು. ಕೈಗೆ ಏನು ಸರಿ ಅಂತ ಚಿಕಿತ್ಸಕರನ್ನು ಕೇಳಿಕೊಂಡು ಮುಂದುವರಿಯಿರಿ.

ಎಷ್ಟು ವೇಗ ಬಂದರೆ ಸಾಕು ಅನ್ನೋದನ್ನು ಬೇರೆ ಮಕ್ಕಳ ಜೊತೆ ಹೋಲಿಸಿ ತೀರ್ಮಾನಿಸಬೇಡಿ. ಪಾಠಗಳು ತೋರಿಸುವ ನಿಮಿಷಕ್ಕೆ ಇಷ್ಟು ಪದ ಅನ್ನುವ ಲೆಕ್ಕದಲ್ಲಿ ಐದು ಸಲ ಕೀಲಿ ಒತ್ತಿದರೆ ಒಂದು ಪದ, ಸ್ಪೇಸ್ ಕೂಡ ಸೇರಿ. ಅದರ ಬದಲು ಹೀಗೆ ಮಾಡಿ. ಮಗುವಿಗೆ ಬಾಯಿಪಾಠ ಇರುವ ಒಂದು ಇಂಗ್ಲಿಷ್ ವಾಕ್ಯವನ್ನು ಒಂದು ನಿಮಿಷ ಕೈಯಲ್ಲಿ ಬರೆಸಿ, ಎಷ್ಟು ಸಲ ಬರೆದರೂ ಸರಿ. ಅಕ್ಷರ ಎಣಿಸಿ. ಅದೇ ವಾಕ್ಯವನ್ನು ಒಂದು ನಿಮಿಷ ಟೈಪ್ ಮಾಡಿಸಿ ಎಣಿಸಿ. ತಿಂಗಳಿಗೊಮ್ಮೆ ಎರಡು ಅಂಕಿಯನ್ನೂ ಒಂದು ಹಾಳೆಯಲ್ಲಿ ಬರೆದಿಡಿ. ಕೆಳಗೆ ನೋಡದೆ ಒತ್ತುತ್ತಾ ಟೈಪಿಂಗಿನ ಅಂಕಿ ಕೈಬರಹದ ಅಂಕಿಯನ್ನು ದಾಟಿದ ತಿಂಗಳು ಪಾಠ ನಿಲ್ಲಿಸಿ, ಖಾಲಿ ಪುಟ ತೆರೆದುಕೊಡಿ. ಮಗನಿಗೆ ಅದು ನಾಲ್ಕನೇ ತಿಂಗಳಲ್ಲಿ ಆಯಿತು, ಮಗಳಿಗೆ ಏಳನೆಯದರಲ್ಲಿ. ಅರ್ಧಕ್ಕೆ ಬಿಟ್ಟ ಕಥೆಯನ್ನು ಅವಳು ಆ ವಾರವೇ ಮತ್ತೆ ತೆರೆದಳು.